ಕಣ್ಣು ಮುಚ್ಚಿಕೊಂಡು ಟೈಪ್ ಮಾಡುವವಳ ಮಾತು

ಸಂಪಾದಕರಿಗೆ ನಮಸ್ಕಾರ.

ಹೋದ ವಾರ ನಿಮ್ಮ ಓದುಗರ ಅಂಕಣದಲ್ಲಿ ಹಿರಿಯರೊಬ್ಬರ ಪತ್ರ ಬಂದಿತ್ತು. ಈಗಿನವರು ಕಂಪ್ಯೂಟರಿನಲ್ಲಿ ಮಾಡುವ ಕಾಗದಪತ್ರಗಳಿಗೆ ಅಂದವೂ ಇಲ್ಲ, ಚಂದವೂ ಇಲ್ಲ, ಒಂದು ಸಾಲು ಆ ಕಡೆ, ಇನ್ನೊಂದು ಈ ಕಡೆ, "ಕಣ್ಣು ಮುಚ್ಚಿಕೊಂಡು ಟೈಪ್ ಮಾಡಿದ ಹಾಗಿರುತ್ತದೆ" ಎಂದು ಅವರು ಬೇಸರ ಮಾಡಿಕೊಂಡಿದ್ದರು.

ನಾನು 11 ವರ್ಷದಿಂದ ಕಣ್ಣು ಮುಚ್ಚಿಕೊಂಡೇ ಟೈಪ್ ಮಾಡುತ್ತಿದ್ದೇನೆ. ತೆರೆದುಕೊಂಡರೂ ವ್ಯತ್ಯಾಸವೇನಿಲ್ಲ ಬಿಡಿ, ಹುಟ್ಟಿನಿಂದಲೇ ನನಗೆ ಕಾಣಿಸುವುದಿಲ್ಲ. ನಿಮ್ಮ ಪತ್ರಿಕೆಯನ್ನೂ ದಿನಾ ಬೆಳಗ್ಗೆ ಕೇಳಿಸಿಕೊಂಡೇ ಓದುತ್ತೇನೆ.

ಆ ಹಿರಿಯರ ಮೇಲೆ ನನಗೆ ಕೋಪ ಇಲ್ಲ. ಅದು ಎಲ್ಲರೂ ಆಡುವ ಮಾತು, ನಾನೂ ಆಡುತ್ತೇನೆ. ಅವರ ದೂರು ಕೂಡ ನಿಜವೇ. ಆದರೆ ಅವರು ಹಿಡಿದ ಕಾರಣ ತಲೆಕೆಳಗಾಗಿದೆ. ಕಾಗದಗಳು ಹಾಗೆ ಸೊಟ್ಟಪಟ್ಟ ಆಗುವುದು ಬರೀ ಕಣ್ಣನ್ನೇ ನಂಬಿಕೊಂಡು ಮಾಡಿದ್ದರಿಂದ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಪತ್ರ ಉದ್ದ ಆದರೆ ಕತ್ತರಿ ನಿಮ್ಮ ಕೈಯಲ್ಲೇ ಇದೆ.

ನನ್ನದು ಕಚೇರಿ ಕೆಲಸ. ಬೇರೆಯವರು ಬರೆದ ವರದಿ, ಸಭೆಯ ನಡಾವಳಿ, ಸುತ್ತೋಲೆ, ಕೈಪಿಡಿ ಎಲ್ಲ ನನ್ನ ಹತ್ತಿರ ಬರುತ್ತವೆ. ಅವನ್ನು ಒಪ್ಪ ಮಾಡಿ ಪ್ರಿಂಟಿಗೆ ಕೊಡುವುದು ನನ್ನ ಪಾಲಿಗೆ ಬಂದದ್ದು. ಹೊಸದಾಗಿ ಸೇರಿದವರೆಲ್ಲ ಎರಡು ದಿನ ಸುಮ್ಮನಿದ್ದು, ಮೂರನೇ ದಿನ ಹತ್ತಿರ ಬಂದು ಮೆಲ್ಲಗೆ ಕೇಳುತ್ತಾರೆ: "ಮೇಡಂ, ತಪ್ಪು ತಿಳ್ಕೋಬೇಡಿ, ಅಕ್ಷರ ದಪ್ಪ ಇದೆಯೋ ಸಣ್ಣ ಇದೆಯೋ ನಿಮಗೆ ಹೇಗೆ ಗೊತ್ತಾಗುತ್ತೆ?" ತಪ್ಪು ತಿಳಿದುಕೊಳ್ಳುವಂಥದ್ದು ಏನೂ ಇಲ್ಲ. ಕಂಪ್ಯೂಟರನ್ನೇ ಕೇಳುತ್ತೇನೆ, ಅದು ಹೇಳುತ್ತದೆ.

ಹಾಗೆ ಹೇಳುವ ತಂತ್ರಾಂಶದ ಹೆಸರು ಸ್ಕ್ರೀನ್ ರೀಡರ್. ಪರದೆ ಮೇಲಿರುವುದನ್ನು ದನಿಯಲ್ಲಿ ಓದಿ ಹೇಳುತ್ತದೆ, ಬ್ರೈಲ್ ಉಪಕರಣ ಇದ್ದರೆ ಬೆರಳಿಗೂ ತಲುಪಿಸುತ್ತದೆ. ಜಾಸ್ ಎಂಬುದು ಬಹಳ ಹಳೆಯದು, 1989ರಲ್ಲಿ ಬಂತು. ಅದನ್ನು ಹುಟ್ಟುಹಾಕಿದ ಟೆಡ್ ಹೆಂಟರ್ ಮೊದಲು ಮೋಟಾರ್‌ಸೈಕಲ್ ರೇಸ್ ಓಡಿಸುತ್ತಿದ್ದವರು, 1978ರಲ್ಲಿ ಅಪಘಾತದಲ್ಲಿ ಕಣ್ಣು ಕಳೆದುಕೊಂಡರು. ನಾನು ಬಳಸುವುದು ಎನ್‌ವಿಡಿಎ. ಆಸ್ಟ್ರೇಲಿಯಾದ ಮೈಕೆಲ್ ಕರನ್ 2006ರಲ್ಲಿ ಶುರು ಮಾಡಿದ್ದು, ಆಮೇಲೆ ಜೇಮ್ಸ್ ಟೆ ಜೊತೆಯಾದರು. ಇಬ್ಬರಿಗೂ ಕಣ್ಣು ಕಾಣಿಸುವುದಿಲ್ಲ. ತಮಗೆ ಬೇಕಾದದ್ದನ್ನು ತಾವೇ ಬರೆದುಕೊಂಡು, ಉಳಿದವರಿಗೂ ಪುಕ್ಕಟೆ ಹಂಚಿದರು. ಅದಕ್ಕೇ ಇರಬೇಕು, ಆ ತಂತ್ರಾಂಶದಲ್ಲಿ ಯಾವ ಕೀ ಎಲ್ಲಿ ಬೇಕೋ ಅಲ್ಲೇ ಇರುತ್ತದೆ.

ಇರಲಿ, ಹಾಳೆಯ ವಿಷಯಕ್ಕೆ ಬರುತ್ತೇನೆ. ಹುಟ್ಟಿನಿಂದ ಕಾಣದವಳಿಗೆ "ಶೀರ್ಷಿಕೆಯನ್ನು ಮಧ್ಯಕ್ಕೆ ತನ್ನಿ" ಅಂದರೆ ಏನು ಅರ್ಥ ಆಗಬೇಕು? ನನಗೆ ಕಂಪ್ಯೂಟರ್ ಕಲಿಸಿದ ಮೇಷ್ಟ್ರು ಒಂದು ದಪ್ಪ ಹಾಳೆಯ ಮೇಲೆ ಬೆಂಕಿಕಡ್ಡಿ ಅಂಟಿಸಿಕೊಂಡು ಬಂದಿದ್ದರು. ಒಂದೊಂದು ಕಡ್ಡಿ ಒಂದೊಂದು ಸಾಲು. ಮೇಲೆ ನಡುವೆ ಒಂದೇ ಒಂದು ಅರ್ಧ ಕಡ್ಡಿ, ಅದು ಶೀರ್ಷಿಕೆ. ಕೆಳಗೆ ಐದಾರು ಸಾಲು ಎಡಕ್ಕೆ ಸಮ, ಬಲಕ್ಕೆ ಗಿಡ್ಡ ಉದ್ದ. ಅದರ ಕೆಳಗಿನ ಸಾಲುಗಳು ಎರಡೂ ಕಡೆ ಗೋಡೆ ಕಟ್ಟಿದ ಹಾಗೆ ಸಮ. ಕೊನೆಗೆ ಬಲಗಡೆಯ ಮೂಲೆಯಲ್ಲಿ ಒಂದು ತುಂಡು, ಸಹಿ. ಬೆರಳಾಡಿಸಿ ನೋಡಿದೆ. ಐದು ನಿಮಿಷಕ್ಕೆ ಎಡ, ಮಧ್ಯ, ಬಲ, ಜಸ್ಟಿಫೈ ಎಲ್ಲ ಗೊತ್ತಾಗಿಹೋಯಿತು. ಈಗಲೂ ಸಾಲನ್ನು ಮಧ್ಯಕ್ಕೆ ತರಲು ಕಂಟ್ರೋಲ್ ಇ ಒತ್ತಿದಾಗ ನನ್ನ ಬೆರಳಿಗೆ ಆ ಅರ್ಧ ಕಡ್ಡಿಯೇ ನೆನಪಾಗುತ್ತದೆ.

ಗೊತ್ತಾಯಿತು ಎಂದುಕೊಂಡದ್ದು ಜಾಸ್ತಿ ಆಯಿತು. ಕೆಲಸಕ್ಕೆ ಸೇರಿದ ಮೊದಲ ವರ್ಷದ ಮಾತು. ಸುಮಾರು 40 ಪುಟದ ವರದಿ. ಅರ್ಧ ಇ-ಮೇಲ್‌ಗಳಿಂದ, ಅರ್ಧ ಯಾವ್ಯಾವುದೋ ಹಳೆಯ ಫೈಲುಗಳಿಂದ ತಂದು ಅಂಟಿಸಿದ್ದು. ಮೂರು ಸಲ ಓದಿಸಿಕೊಂಡೆ. ಒಂದು ಕಾಗುಣಿತದ ತಪ್ಪಿಲ್ಲ, ಒಂದು ಅಲ್ಪವಿರಾಮ ಆಚೀಚೆ ಇಲ್ಲ. ಎದೆಯುಬ್ಬಿಸಿಕೊಂಡು ಕಳಿಸಿದೆ. ಅರ್ಧ ಗಂಟೆ ಬಿಟ್ಟು ಸಾಹೇಬರು ಕರೆದರು. "ಏನಮ್ಮಾ ಇದು, ಕಾಮನಬಿಲ್ಲು ಮಾಡಿಟ್ಟಿದ್ದೀಯಲ್ಲ?" ಅಂದರು. ಒಂದು ಪ್ಯಾರಾ ಬೂದು ಬಣ್ಣ, ಒಂದು ನೀಲಿ. ಒಂದು ಕಡೆ ಅಕ್ಷರ 9 ಪಾಯಿಂಟ್, ಪಕ್ಕದಲ್ಲೇ 14. ಎರಡು ಪುಟಕ್ಕೆ ಹಿಂದುಗಡೆ ಹಳದಿ ಬಣ್ಣ ಬಳಿದಿತ್ತಂತೆ. ಮಾತು ಒಂದೇ ದನಿಯಲ್ಲಿ ನೇರವಾಗಿ ಕೇಳಿಸಿದ್ದರಿಂದ ಪುಟವೂ ನೇರವಾಗಿದೆ ಎಂದುಕೊಂಡುಬಿಟ್ಟಿದ್ದೆ.

ಅಲ್ಲಿ ನನಗೊಂದು ಪಾಠ ಆಯಿತು. ಸ್ಕ್ರೀನ್ ರೀಡರ್ ಮಾತನ್ನು ತಾನಾಗಿ ಓದುತ್ತದೆ, ರೂಪವನ್ನು ನಾವು ಕೇಳಿದರೆ ಮಾತ್ರ ಹೇಳುತ್ತದೆ. ಎನ್‌ವಿಡಿಎಯಲ್ಲಿ ಹೆಡಿಂಗ್, ಪಟ್ಟಿ, ಕೋಷ್ಟಕ ಇಂಥವನ್ನು ಹೇಳುವ ಏರ್ಪಾಡು ಮೊದಲಿನಿಂದಲೇ ಇರುತ್ತದೆ. ಅಕ್ಷರದ ಹೆಸರು, ಗಾತ್ರ, ಬಣ್ಣ, ಸಾಲು ಎಡಕ್ಕಿದೆಯೋ ಮಧ್ಯಕ್ಕಿದೆಯೋ ಎಂಬುದನ್ನು ಮಾತ್ರ ನಾವೇ ಹೋಗಿ ಆನ್ ಮಾಡಬೇಕು. ಎನ್‌ವಿಡಿಎ ಕೀ (ಸಾಮಾನ್ಯವಾಗಿ ಇನ್ಸರ್ಟ್ ಕೀಯೇ ಅದು) ಜೊತೆ ಕಂಟ್ರೋಲ್ ಡಿ ಒತ್ತಿದರೆ ಆ ಪಟ್ಟಿ ತೆರೆಯುತ್ತದೆ. ಬುದ್ಧಿ ಬಂದ ಉತ್ಸಾಹದಲ್ಲಿ ಎಲ್ಲವನ್ನೂ ಆನ್ ಮಾಡಿಕೊಂಡೆ. ಆಮೇಲೆ ಕೇಳಬೇಕಿತ್ತು ಅದರ ಸಹಸ್ರನಾಮ! ಒಂದು ಸಾಲು ಓದುವ ಮೊದಲು ಅಕ್ಷರದ ಹೆಸರು, 12 ಪಾಯಿಂಟ್, ಕಪ್ಪು, ಬಿಳಿಯ ಮೇಲೆ, ಎಡಕ್ಕೆ ಸಮ, ಸಾಲಿನ ಅಂತರ ಒಂದೂವರೆ. ಇಷ್ಟಾಗಿ ಮುಗಿಯುವ ಹೊತ್ತಿಗೆ ಹಿಂದಿನ ಸಾಲಿನಲ್ಲಿ ಏನಿತ್ತು ಎಂಬುದೇ ಮರೆತುಹೋಗಿರುತ್ತದೆ.

ಈಗ ಎರಡು ಜೋಡಣೆ ಮಾಡಿಟ್ಟುಕೊಂಡಿದ್ದೇನೆ. ಬರೆಯುವಾಗ, ಓದುವಾಗ ಅದು ಮಾತು ಮಾತ್ರ ಹೇಳುತ್ತದೆ. ಒಪ್ಪ ಮಾಡುವಾಗ ಬೇರೆ ಪ್ರೊಫೈಲ್. ಆಗ ಬಣ್ಣ, ಗಾತ್ರ, ಅಂಚು ಬದಲಾದ ಕಡೆಯೆಲ್ಲ ಹೇಳಬೇಕು. ನಡುವೆ ಎಲ್ಲಾದರೂ ಅನುಮಾನ ಬಂದರೆ ಎನ್‌ವಿಡಿಎ ಕೀ ಹಿಡಿದು ಎಫ್ ಒತ್ತುತ್ತೇನೆ. ಕರ್ಸರ್ ಇದ್ದ ಜಾಗದ ಜಾತಕ ಪೂರ್ತಿ ಹೇಳುತ್ತದೆ. ಎರಡು ಸಲ ಬೇಗ ಒತ್ತಿದರೆ ಅದನ್ನೇ ಬೇರೆ ಕಿಟಕಿಯಲ್ಲಿ ತೆರೆದಿಡುತ್ತದೆ, ನಿಧಾನಕ್ಕೆ ಒಂದೊಂದೇ ಸಾಲು ನೋಡಬಹುದು. ದಿನಕ್ಕೆ ಎಷ್ಟು ಸಲ ಒತ್ತುತ್ತೇನೋ ಲೆಕ್ಕವಿಲ್ಲ. ನನ್ನ ಕೀಬೋರ್ಡಿನ ಎಫ್ ಅಕ್ಷರ ಅಳಿಸಿಹೋಗಿದೆ ಎಂದು ಪಕ್ಕದ ಹುಡುಗ ಹೇಳಿದ. ನನಗೇನು ತೊಂದರೆ ಇಲ್ಲ.

ಇನ್ನು ಹಿರಿಯರ ದೂರಿಗೆ ಬರುತ್ತೇನೆ. ಕಣ್ಣಿದ್ದವರು ಮಾಡಿದ ಒಂದು ಫೈಲನ್ನು ನನ್ನ ಕಿವಿಯಿಂದ ಕೇಳಿ. ಹೋದ ತಿಂಗಳು ಬಂದ ಕೈಪಿಡಿ ಅದು, 140 ಪುಟ. ತಂದುಕೊಟ್ಟ ಹುಡುಗಿ, "ಅಕ್ಕಾ, ಫಾರ್ಮ್ಯಾಟಿಂಗ್ ಎಲ್ಲಾ ಆಗಿದೆ, ಸುಮ್ನೆ ಒಂದ್ಸಲ ನೋಡಿಬಿಡಿ" ಅಂದಳು. ತೆರೆದೆ. ಮೊದಲ ಸಾಲು, ಬ್ಲ್ಯಾಂಕ್. ಕೆಳಗಿನ ಬಾಣ ಒತ್ತಿದೆ, ಬ್ಲ್ಯಾಂಕ್. ಬ್ಲ್ಯಾಂಕ್. ಬ್ಲ್ಯಾಂಕ್. ಒಂಬತ್ತು ಸಲ ಬ್ಲ್ಯಾಂಕ್ ಆದಮೇಲೆ ಪುಸ್ತಕದ ಹೆಸರು ಬಂತು. ಅದು ಮಧ್ಯದಲ್ಲಿ ಇದೆಯಾ ಎಂದು ಎಫ್ ಒತ್ತಿ ಕೇಳಿದರೆ ಎಡಕ್ಕೆ ಸಮ ಎನ್ನುತ್ತದೆ. ಸಾಲಿನ ಶುರುವಿಗೆ ಹೋಗಿ ಬಲಗಡೆ ಬಾಣ ಒತ್ತುತ್ತಾ ಹೋದೆ. ಸ್ಪೇಸ್, ಸ್ಪೇಸ್, ಸ್ಪೇಸ್... ಎಣಿಸಿದೆ, 31 ಸ್ಪೇಸ್. ಸ್ಪೇಸ್‌ಬಾರ್ ಮೇಲೆ ಬೆರಳಿಟ್ಟು, ಪರದೆ ನೋಡುತ್ತಾ, ಹೆಸರು ನಡುವೆ ಬಂದು ನಿಂತಿತು ಅನ್ನಿಸುವವರೆಗೂ ತಳ್ಳಿದ್ದಾರೆ.

ಅಧ್ಯಾಯ ಮುಗಿದು ಹೊಸ ಪುಟ ಶುರುವಾಗಬೇಕಾದ ಕಡೆ ಮತ್ತೆ ಬ್ಲ್ಯಾಂಕ್, ಬ್ಲ್ಯಾಂಕ್, ಬ್ಲ್ಯಾಂಕ್. ಎಂಟರ್ ಒತ್ತಿ ಒತ್ತಿ ಮುಂದಿನ ಪುಟಕ್ಕೆ ತಲುಪಿಸಿದ್ದಾರೆ. ಮುಂದೆ ಯಾರೋ ಮೂರನೇ ಪುಟಕ್ಕೆ ಎರಡು ಸಾಲು ಸೇರಿಸಿದ್ದಾರೆ. ಅಲ್ಲಿಗೆ ಮುಗಿಯಿತು. ಅಲ್ಲಿಂದಾಚೆ ಪ್ರತಿ ಅಧ್ಯಾಯವೂ ಎರಡೆರಡು ಸಾಲು ಜಾರಿಕೊಂಡು ಹೋಗಿದೆ. ಆ ಹಿರಿಯರು "ಒಂದು ಸಾಲು ಆ ಕಡೆ, ಇನ್ನೊಂದು ಈ ಕಡೆ" ಎಂದು ಬೈದದ್ದು ಇದನ್ನೇ ಅಲ್ವಾ? ಕಂಟ್ರೋಲ್ ಹಿಡಿದು ಒಂದೇ ಒಂದು ಸಲ ಎಂಟರ್ ಒತ್ತಿದ್ದರೆ ಪುಟ ಅಲ್ಲೇ ಮುರಿಯುತ್ತಿತ್ತು. ಮೇಲೆ ಏನೇ ಸೇರಿಸಲಿ ತೆಗೆಯಲಿ, ಅಧ್ಯಾಯ ಹೊಸ ಪುಟದಲ್ಲೇ ಶುರುವಾಗುತ್ತಿತ್ತು.

ಆ ಕೈಪಿಡಿಯಲ್ಲಿ ನನ್ನನ್ನು ಎಲ್ಲಕ್ಕಿಂತ ಸುಸ್ತು ಮಾಡಿದ್ದು ಹೆಡಿಂಗ್‌ಗಳು. ಕಾಣುವವರ ಕಣ್ಣಿಗೆ ಅಲ್ಲಿ ಹೆಡಿಂಗ್‌ಗಳು ಇದ್ದವು. ದಪ್ಪ ಮಾಡಿದ್ದರು, 16 ಪಾಯಿಂಟ್ ಮಾಡಿದ್ದರು, ಅಡಿಗೆರೆ ಎಳೆದಿದ್ದರು. ಕಂಪ್ಯೂಟರಿನ ಲೆಕ್ಕದಲ್ಲಿ ಮಾತ್ರ ಒಂದೂ ಇರಲಿಲ್ಲ. ಅದಕ್ಕೆ ಅದೂ ಒಂದು ಪ್ಯಾರಾ, ಇದೂ ಒಂದು ಪ್ಯಾರಾ. ವರ್ಡ್‌ನಲ್ಲಿ ಓದುವಾಗ ಎನ್‌ವಿಡಿಎ ಕೀ ಜೊತೆ ಸ್ಪೇಸ್ ಒತ್ತಿ ಬ್ರೌಸ್ ಮೋಡ್‌ಗೆ ಹೋದರೆ, ಎಚ್ ಒತ್ತಿದಾಗಲೆಲ್ಲ ಮುಂದಿನ ಹೆಡಿಂಗ್‌ಗೆ ಹಾರಬಹುದು. ನೀವು ಪುಟ ಮಗುಚುತ್ತಾ ದಪ್ಪಕ್ಷರದ ಮೇಲೆ ಕಣ್ಣಾಡಿಸುವ ಹಾಗೆ ನಾನು ಎಚ್ ಒತ್ತಿಕೊಂಡು ಹೋಗುತ್ತೇನೆ. ಇಲ್ಲಿ ಎಚ್ ಒತ್ತಿದೆ. ಮುಂದಿನ ಹೆಡಿಂಗ್ ಇಲ್ಲ ಅಂದಿತು. 140 ಪುಟ, ಒಂದು ಹೆಡಿಂಗ್ ಇಲ್ಲ! ಬಾಗಿಲ ಚಿತ್ರ ಬರೆದ ಗೋಡೆಗಳ ಮನೆಯೊಳಗೆ ಹೊಕ್ಕ ಹಾಗಾಯಿತು. ಬೇರೆಯವರಿಗೆ ಬಾಗಿಲು ಕಾಣುತ್ತದೆ, ನನ್ನ ಕೈಗೆ ಬರೀ ಗೋಡೆ.

ನಿಜವಾದ ಹೆಡಿಂಗ್ ಮಾಡುವುದಕ್ಕೆ ಏನು ಕಷ್ಟ? ಆ ಸಾಲಿನ ಮೇಲೆ ನಿಂತು ಕಂಟ್ರೋಲ್, ಆಲ್ಟ್, 1. ಅಷ್ಟೇ. ಅದರ ಕೆಳಗಿನ ಉಪಶೀರ್ಷಿಕೆಗೆ 2, ಅದರೊಳಗಿನದಕ್ಕೆ 3. ದಪ್ಪ ಎಷ್ಟಿರಬೇಕು, ಗಾತ್ರ ಎಷ್ಟು, ಮೇಲೆ ಕೆಳಗೆ ಎಷ್ಟು ಜಾಗ ಬಿಡಬೇಕು ಎಂಬುದನ್ನು ಆ ಸ್ಟೈಲ್‌ಗೆ, ಅಂದರೆ ಹೆಸರಿಟ್ಟ ರೂಪದ ಅಚ್ಚಿಗೆ, ಒಂದು ಸಲ ಹೇಳಿಕೊಟ್ಟರೆ ಸಾಕು. ನಾಳೆ ಸಾಹೇಬರಿಗೆ 16 ಬೇಡ, 18 ಮಾಡಿ ಅನ್ನಿಸಿದರೆ ಒಂದೇ ಕಡೆ ಬದಲಿಸಿದರೆ ಆಯಿತು, 60 ಹೆಡಿಂಗ್‌ಗಳೂ ಒಟ್ಟಿಗೆ ಬದಲಾಗುತ್ತವೆ. ದಪ್ಪ ಮಾಡಿ ಅಡಿಗೆರೆ ಎಳೆದವರು 60 ಕಡೆ ಹೋಗಿ ತಿದ್ದುತ್ತಾರೆ, 57 ಕಡೆ ತಿದ್ದಿ ಮೂರನ್ನು ಮರೆಯುತ್ತಾರೆ.

ಪರಿವಿಡಿಯ ಕತೆ ಕೇಳಲೇಬೇಡಿ. ಅಧ್ಯಾಯದ ಹೆಸರು, ಮುಂದೆ ಚುಕ್ಕಿ ಚುಕ್ಕಿ ಚುಕ್ಕಿ, ಕೊನೆಗೆ ಪುಟಸಂಖ್ಯೆ. ಎಲ್ಲ ಕೈಯಲ್ಲೇ ಟೈಪ್ ಮಾಡಿದ್ದು. ಪುಟಗಳು ಜಾರಿದ ಮೇಲೆ ಒಂದು ಸಂಖ್ಯೆಯೂ ಸರಿಯಿರಲಿಲ್ಲ. ಹೆಡಿಂಗ್ ಸ್ಟೈಲ್ ಹಾಕಿದ್ದರೆ ಪರಿವಿಡಿಯನ್ನು ವರ್ಡ್ ತಾನೇ ಕಟ್ಟಿಕೊಡುತ್ತದೆ. ಪುಟ ಬದಲಾದರೆ ಅದರ ಮೇಲೆ ನಿಂತು ಎಫ್9 ಒತ್ತಿದರೆ ಆಯಿತು.

ಆ ಫೈಲನ್ನು ಬಿಡಿಸುವುದಕ್ಕೆ ನನಗೆ ಎರಡು ದಿನ ಹಿಡಿಯಿತು. ಮೊದಲು ಹುಡುಕಿ-ಬದಲಿಸುವ ಕಿಟಕಿ. ಎರಡೆರಡು ಸ್ಪೇಸ್ ಇದ್ದಲ್ಲಿ ಒಂದು ಮಾಡು ಎಂದೆ. ಇನ್ನೊಮ್ಮೆ, ಮತ್ತೊಮ್ಮೆ. ಸೊನ್ನೆ ಎಂದು ಹೇಳುವವರೆಗೂ ಬಿಡಲಿಲ್ಲ. ಆಮೇಲೆ ಖಾಲಿ ಪ್ಯಾರಾಗಳು. ಪ್ಯಾರಾ ಮುಗಿಯುವ ಗುರುತಿಗೆ ವರ್ಡ್‌ನಲ್ಲಿ ಕ್ಯಾರೆಟ್ ಚಿಹ್ನೆ ಹಾಕಿ ಪಿ ಬರೆಯುತ್ತಾರೆ. ಅಂಥವು ಎರಡು ಜೊತೆಗಿದ್ದರೆ ಒಂದು ಮಾಡು ಎಂದು ಹೇಳಬೇಕು. ಆಮೇಲೆ ಪುಟಪುಟವನ್ನೂ ಕೇಳಿಕೊಂಡು, ಯಾವ ಸಾಲು ಹೆಡಿಂಗ್ ಇರಬಹುದು ಎಂದು ಊಹಿಸಿ, ಎಫ್ ಒತ್ತಿ ದಪ್ಪ ಇದೆಯೇ ನೋಡಿ, ಸ್ಟೈಲ್ ಹಾಕುತ್ತಾ ಹೋದೆ. ಒಂದು ಕಡೆ ಪೂರ್ತಿ ಪ್ಯಾರಾ ದಪ್ಪ ಇತ್ತು. ಹೆಡಿಂಗಾ, ಒತ್ತಿ ಹೇಳಿದ್ದಾ? ಬರೆದವರಿಗೇ ಫೋನ್ ಮಾಡಿದೆ. "ಅಯ್ಯೋ, ಅದು ಹೇಗೋ ಆಗಿಬಿಟ್ಟಿದೆ ಮೇಡಂ" ಅಂದರು. ಕಂಟ್ರೋಲ್ ಸ್ಪೇಸ್ ಒತ್ತಿದೆ, ಕೈಯಾರೆ ಹಾಕಿದ್ದ ಬಣ್ಣ ದಪ್ಪ ಎಲ್ಲ ಉದುರಿತು.

ಇದೆಲ್ಲ ಕುರುಡರಿಗೆ ಅನುಕೂಲ ಆಗಲಿ ಎಂದು ಕಣ್ಣಿದ್ದವರು ಮಾಡಬೇಕಾದ ಧರ್ಮಕಾರ್ಯ ಎಂದು ಕೆಲವರು ತಿಳಿದಿದ್ದಾರೆ. ಒಂದಿಷ್ಟು ದಯೆ, ಒಂದಿಷ್ಟು ಪುಣ್ಯ. ಹಾಗಲ್ಲ ಸ್ವಾಮಿ. ಸ್ಟೈಲ್ ಇರುವುದೇ ಎಲ್ಲರಿಗಾಗಿ. ಆ ಕೈಪಿಡಿಯಲ್ಲಿ ಜಾರಿಹೋದ ಪುಟಗಳನ್ನು ನೋಡಿ ಬೈಸಿಕೊಂಡವರೆಲ್ಲ ಕಣ್ಣಿದ್ದವರೇ. ನನಗೆ ಲಾಭ ಆಗುವುದು ಅದರ ಜೊತೆಗೆ ತಾನಾಗಿ ಬರುವಂಥದ್ದು.

ಹೆಡಿಂಗ್ ಬಿಟ್ಟರೆ ನನ್ನ ಕಾಲಿಗೆ ಸಿಕ್ಕುವ ಇನ್ನೊಂದು ಕಲ್ಲು ಟೆಕ್ಸ್ಟ್ ಬಾಕ್ಸ್. ಮುಖ್ಯವಾದ ಸೂಚನೆ ಎದ್ದು ಕಾಣಲಿ ಎಂದು ಚೌಕದೊಳಗೆ ಹಾಕುತ್ತಾರೆ. ಆ ಚೌಕ ಪುಟದ ಮೇಲೆ ತೇಲುತ್ತಿರುತ್ತದೆ. ನಾನು ಸಾಲುಸಾಲಾಗಿ ಓದಿಕೊಂಡು ಹೋದರೆ ಅದು ನನ್ನ ದಾರಿಯಲ್ಲಿ ಸಿಗುವುದೇ ಇಲ್ಲ. ಮುಖ್ಯ ಎಂದು ಯಾವುದನ್ನು ಎತ್ತಿ ತೋರಿಸಿದರೋ ಅದೇ ನನಗೆ ತಪ್ಪಿಹೋಗುತ್ತದೆ. ಪ್ಯಾರಾಗೇ ಸುತ್ತ ಗೆರೆ ಹಾಕಬಹುದಲ್ಲ, ಕಾಣುವವರಿಗೆ ಅದೂ ಚೌಕವೇ. ಚಿತ್ರಗಳೂ ಅಷ್ಟೇ, ಸಾಲಿನೊಳಗೆ ಕೂರಿಸಿದರೆ ನನಗೆ ಸಿಗುತ್ತವೆ, ತೇಲಿಬಿಟ್ಟರೆ ಕಷ್ಟ. ಸಿಕ್ಕಿದರೂ ವಿವರಣೆ ಬರೆಯದಿದ್ದರೆ "ಗ್ರಾಫಿಕ್" ಎಂದು ಸುಮ್ಮನಾಗುತ್ತದೆ. ಆಲ್ಟ್ ಟೆಕ್ಸ್ಟ್ ಎಂಬ ಜಾಗದಲ್ಲಿ ಒಂದು ವಾಕ್ಯ ಬರೆದರೆ ಸಾಕು. "ಚಿತ್ರ 3" ಎಂದಲ್ಲ, ಚಿತ್ರದಲ್ಲಿ ಏನಿದೆ ಎಂದು.

"ಕೆಂಪಲ್ಲಿ ಗುರುತು ಮಾಡಿದ್ದೀನಿ, ಅದನ್ನು ಮಾತ್ರ ತಿದ್ದಿ" ಎಂದು ಕಳಿಸುವವರು ಇನ್ನೊಂದು ಗುಂಪು. ಬಣ್ಣ ಹೇಳುವ ಹಾಗೆ ಮಾಡಿಕೊಂಡು ಕೆಂಪು ಎಲ್ಲಿದೆ ಎಂದು ಕಿವಿ ಚೂಪು ಮಾಡಿಕೊಂಡು ಕೂರಬೇಕು. ಅದರ ಬದಲು ಅಲ್ಲೇ ಒಂದು ಕಾಮೆಂಟ್ ಹಾಕಿದರೆ, ಇಲ್ಲವೇ ಟ್ರ್ಯಾಕ್ ಚೇಂಜಸ್ ಆನ್ ಮಾಡಿ ತಿದ್ದಿದರೆ, ಯಾವುದು ಸೇರಿತು ಯಾವುದು ಹೋಯಿತು ಎಂದು ಸ್ಕ್ರೀನ್ ರೀಡರೇ ಹೇಳುತ್ತದೆ.

ಕೋಷ್ಟಕದ ಬಗ್ಗೆ ಚಿಕ್ಕದಾಗಿ ಹೇಳಿ ಮುಗಿಸುತ್ತೇನೆ. ಕಂಟ್ರೋಲ್ ಆಲ್ಟ್ ಹಿಡಿದು ಬಾಣ ಒತ್ತಿದರೆ ನಾನು ಮನೆಯಿಂದ ಮನೆಗೆ ಹೋಗುತ್ತೇನೆ, ಮೂರನೇ ಸಾಲು, ಎರಡನೇ ಕಾಲಂ ಎಂದು ಅದು ಹೇಳುತ್ತಾ ಬರುತ್ತದೆ. ಚಂದ ಕಾಣಲಿ ಎಂದು ಎರಡು ಮನೆ ಕೂಡಿಸಿ, ಒಂದನ್ನು ಒಡೆದರೆ ಈ ಲೆಕ್ಕ ತಪ್ಪುತ್ತದೆ. ಹಾಗೆ ಮಾಡಬೇಡಿ ಅಷ್ಟೇ.

ಕನ್ನಡದ್ದೇ ಒಂದು ಬೇರೆ ಸಂಕಟ ಇದೆ. ಹಳೆಯ ಫೈಲುಗಳಲ್ಲಿ ಯೂನಿಕೋಡ್ (ಪ್ರತಿ ಲಿಪಿಯ ಅಕ್ಷರಕ್ಕೂ ಅದರದ್ದೇ ಸಂಕೇತ ಕೊಡುವ ಏರ್ಪಾಡು) ಅಲ್ಲದ ಫಾಂಟ್‌ಗಳು. ಪರದೆಯ ಮೇಲೆ ಅಚ್ಚುಕಟ್ಟಾದ ಕನ್ನಡ ಕಾಣುತ್ತದಂತೆ. ಆದರೆ ಒಳಗೆ ಕೂತಿರುವುದು ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳು, ಅವುಗಳ ಮೇಲೆ ಕನ್ನಡದ ಮುಖವಾಡ. ಸ್ಕ್ರೀನ್ ರೀಡರ್ ಮುಖ ನೋಡುವುದಿಲ್ಲ, ಒಳಗಿರುವುದನ್ನು ಓದುತ್ತದೆ. ಯಾವ ಭಾಷೆಯೂ ಅಲ್ಲದ ಒಂದು ಬಡಬಡಿಕೆ ಕೇಳಿಸುತ್ತದೆ. ಅಂಥ ಫೈಲನ್ನು ಪರಿವರ್ತಕದಲ್ಲಿ ಹಾಕಿ ಯೂನಿಕೋಡ್ ಮಾಡಿಕೊಂಡು, ಆಮೇಲೆ ಒತ್ತಕ್ಷರ, ಅರ್ಕಾವತ್ತು ಎಲ್ಲೆಲ್ಲಿ ಕೈಕೊಟ್ಟಿವೆ ಎಂದು ಹುಡುಕಿಕೊಂಡು ಕೂರಬೇಕು. ಯೂನಿಕೋಡ್‌ನಲ್ಲಿ ಕನ್ನಡ ಮೊದಲಿನಿಂದಲೂ, 1991ರಿಂದಲೂ ಇದೆ. ಇವತ್ತು ಹೊಸದಾಗಿ ಬರೆಯುವವರು ಕೂಡ ಹಳೆಯ ಫಾಂಟ್ ಯಾಕೆ ಹಿಡಿದುಕೊಂಡಿದ್ದಾರೋ ನನಗಂತೂ ತಿಳಿಯದು.

ಯೂನಿಕೋಡ್ ಆದರೂ ವರ್ಡ್‌ನಲ್ಲಿ ಒಂದು ಚೇಷ್ಟೆ ಇದೆ. ಇದು ಕಣ್ಣಿದ್ದವರಿಗೂ ಉಪಯೋಗ ಆಗಬಹುದು. ಅದು ಇಂಗ್ಲಿಷಿಗೆ ಒಂದು ಫಾಂಟ್ ಮತ್ತು ಗಾತ್ರ, ಕನ್ನಡದಂಥ ಲಿಪಿಗಳಿಗೆ ಇನ್ನೊಂದು ಎಂದು ಎರಡು ಲೆಕ್ಕ ಇಟ್ಟುಕೊಳ್ಳುತ್ತದೆ. ಕಂಟ್ರೋಲ್ ಡಿ ಒತ್ತಿ ತೆರೆಯುವ ಕಿಟಕಿಯಲ್ಲಿ ಕಾಂಪ್ಲೆಕ್ಸ್ ಸ್ಕ್ರಿಪ್ಟ್ ಎಂದು ಬೇರೆ ಭಾಗವೇ ಇದೆ, ಕನ್ನಡ ಬರುವುದು ಅದರಡಿ. ಸ್ಟೈಲ್ ಬದಲಿಸುವಾಗ ಮೇಲಿನದನ್ನು ಮಾತ್ರ ಬದಲಿಸಿ ಕೈತೊಳೆದುಕೊಂಡರೆ, ಅಂಕಿಗಳು ಮತ್ತು ಇಂಗ್ಲಿಷ್ ಹೆಸರುಗಳು ದೊಡ್ಡದಾಗಿ, ಕನ್ನಡ ಹಾಗೇ ಸಣ್ಣದಾಗಿ ಉಳಿಯುತ್ತದೆ. ಇದು ನನಗೆ ತಿಳಿದದ್ದು ಒಂದೇ ಸಾಲಿನಲ್ಲಿ ಅದು 14, 11, 14, 11 ಎಂದು ಹೇಳುತ್ತಾ ಹೋದಾಗ. ಕಣ್ಣಿದ್ದವರು ಅದೇ ಸಾಲನ್ನು ನೋಡಿ "ಏನೋ ಒಂಥರಾ ಇದೆ" ಅಂದಿದ್ದರಂತೆ. ಏನು ಎಂದು ಹೇಳಲು ಮಾತ್ರ ಅವರಿಗೆ ಆಗಿರಲಿಲ್ಲ.

ಕಾಗುಣಿತದಲ್ಲಿ ನನಗೂ ಕಷ್ಟವಿದೆ, ಮುಚ್ಚಿಡುವುದಿಲ್ಲ. ಯಂತ್ರದ ದನಿ ವೇಗವಾಗಿ ಓದುವಾಗ ನನ್ನ ಕಿವಿಗೆ ಶ ಮತ್ತು ಷ ಒಂದೇ ಥರ. ವಿಶೇಷವೋ ವಿಷೇಶವೋ, ಎರಡೂ ಒಂದೇ ಹಾಗೆ ಹಾದುಹೋಗುತ್ತದೆ. ಅಂಥ ಪದ ಬಂದರೆ ನಿಂತು ಅಕ್ಷರ ಅಕ್ಷರ ಬಿಡಿಸಿ ಕೇಳುತ್ತೇನೆ.

ಎಷ್ಟೇ ಮಾಡಿದರೂ ಕೊನೆಗೆ ಒಂದು ಜೊತೆ ಕಣ್ಣು ಬೇಕಾಗುವ ಜಾಗ ಇದ್ದೇ ಇರುತ್ತದೆ. ಫೋಟೋದಲ್ಲಿ ಯಾರದ್ದಾದರೂ ತಲೆ ಕತ್ತರಿಸಿಹೋಗಿದೆಯೇ, ಚಾರ್ಟಿನ ಬಣ್ಣಗಳು ಒಂದಕ್ಕೊಂದು ಬೇರೆ ಕಾಣುತ್ತವೆಯೇ, ಇವು ನನ್ನ ಕೈಲಿಲ್ಲ. ಪಕ್ಕದ ಹುಡುಗನಿಗೆ "ಒಂದು ನಿಮಿಷ ಬಾರೋ" ಎನ್ನುತ್ತೇನೆ, ಅವನು ಬರುತ್ತಾನೆ. ಆದರೆ ಜನ ನನಗೆ ಆಗುವುದಿಲ್ಲ ಎಂದುಕೊಂಡ ಎಷ್ಟೋ ಕೆಲಸ ಆಗುತ್ತದೆ. ಪುಟದ ಕೆಳಗೆ ಸಹಿಗೆ ಜಾಗ ಉಳಿದಿದೆಯೇ ಎಂದು ತಿಳಿಯಬೇಕಾ? ಎನ್‌ವಿಡಿಎ ಕೀ ಜೊತೆ ಡಿಲೀಟ್ ಒತ್ತಿದರೆ ಕರ್ಸರ್ ಪುಟದ ಅಂಚಿನಿಂದ ಎಷ್ಟು ದೂರದಲ್ಲಿದೆ ಎಂದು ಅಳತೆ ಹಿಡಿದು ಹೇಳುತ್ತದೆ. ಹೆಡಿಂಗ್ ಒಂದು ಪುಟದ ಬುಡದಲ್ಲಿ, ಅದರ ಪ್ಯಾರಾ ಮುಂದಿನ ಪುಟದಲ್ಲಿ, ಹೀಗೆ ತಾಯಿ ಮಗು ಬೇರೆಯಾಗಬಾರದು ಎಂದಿದ್ದರೆ ಅದಕ್ಕೂ ಪ್ಯಾರಾ ಕಿಟಕಿಯಲ್ಲಿ ಕೀಪ್ ವಿತ್ ನೆಕ್ಸ್ಟ್ ಎಂದಿದೆ. ಹೆಡಿಂಗ್ ಸ್ಟೈಲ್‌ಗಳಲ್ಲಿ ಅದು ಮೊದಲೇ ಆನ್ ಇರುತ್ತದೆ. ಎಂಟರ್ ಒತ್ತಿ ತಳ್ಳುವವರಿಗೆ ಆ ಭಾಗ್ಯ ಇಲ್ಲ.

ಇಷ್ಟೆಲ್ಲ ಕಷ್ಟಪಟ್ಟು ಮಾಡಿದ ಫೈಲು ಕೊನೆಗೆ ಏನಾಗುತ್ತದೆ ಗೊತ್ತೇ? ಪ್ರಿಂಟ್ ತೆಗೆದು, ಸಹಿ ಹಾಕಿ, ಮೊಬೈಲಿನಲ್ಲಿ ಫೋಟೋ ಹೊಡೆದು, ಪಿಡಿಎಫ್ ಮಾಡಿ ಎಲ್ಲರಿಗೂ ಕಳಿಸುತ್ತಾರೆ. ನನಗೂ ಒಂದು ಪ್ರತಿ ಬರುತ್ತದೆ. ತೆರೆದರೆ ಅಕ್ಷರವೇ ಇಲ್ಲ, ಬರೀ ಚಿತ್ರ. ನಾನೇ ಮಾಡಿದ ಸುತ್ತೋಲೆಯನ್ನು ನಾನೇ ಓದಲಾರೆ! ವರ್ಡ್‌ನಿಂದ ನೇರವಾಗಿ ಪಿಡಿಎಫ್ ಆಗಿ ಸೇವ್ ಮಾಡಿದರೆ, ಆಯ್ಕೆಗಳಲ್ಲಿ ರಚನೆಯ ಟ್ಯಾಗ್‌ಗಳನ್ನು ಉಳಿಸು ಎಂಬುದಕ್ಕೆ ಗುರುತು ಇದ್ದರೆ, ಹೆಡಿಂಗ್‌ಗಳು ಅಲ್ಲೂ ಹೆಡಿಂಗ್‌ಗಳಾಗಿಯೇ ಉಳಿಯುತ್ತವೆ. ಪ್ರಿಂಟ್ ಆಜ್ಞೆ ಕೊಟ್ಟು ಪಿಡಿಎಫ್ ಮಾಡಿದರೆ ಆ ಟ್ಯಾಗ್‌ಗಳು ಹೋಗುತ್ತವೆ.

ಹಿರಿಯರು ಹುಡುಗರನ್ನು ಬೈದಿದ್ದಾರೆ. ನನಗೆ ಹುಡುಗರ ಮೇಲೆ ಅಷ್ಟು ಸಿಟ್ಟಿಲ್ಲ. ಕಂಪ್ಯೂಟರ್ ತರಗತಿಯಲ್ಲಿ ಮೊದಲ ದಿನವೇ ಬೋಲ್ಡ್, ಇಟಾಲಿಕ್, ಅಂಡರ್‌ಲೈನ್ ಕಲಿಸುತ್ತಾರೆ. ಅಕ್ಷರ ದಪ್ಪ ಆಗುವುದು ನೋಡಿ ಮಕ್ಕಳಿಗೂ ಖುಷಿ. ಸ್ಟೈಲ್‌ಗಳ ಪಾಠ ಪುಸ್ತಕದ ಕೊನೆಗೆ ಇರುತ್ತದೆ, ಅಲ್ಲಿಗೆ ಹೋಗುವಷ್ಟರಲ್ಲಿ ಕೋರ್ಸ್ ಮುಗಿದಿರುತ್ತದೆ. ಇದನ್ನು ತಿರುಗಾಮುರುಗಾ ಮಾಡಬೇಕು. ಮೊದಲ ದಿನ ಹೆಡಿಂಗ್ 1, ಹೆಡಿಂಗ್ 2, ಮಾಮೂಲು ಪ್ಯಾರಾಗೆ ನಾರ್ಮಲ್. ಆಮೇಲೆ ಪುಟ ಮುರಿಯುವುದು. ಬೋಲ್ಡ್ ಬೇಕಿದ್ದರೆ ಎರಡನೇ ವಾರ ಕಲಿಯಲಿ, ಆಕಾಶ ಏನೂ ಬೀಳುವುದಿಲ್ಲ. ಕಲಿಸುವ ಮೇಷ್ಟ್ರುಗಳಿಗೆ ಇನ್ನೊಂದು ಉಪಾಯ ಹೇಳುತ್ತೇನೆ. ವಾರದಲ್ಲಿ ಒಂದು ತಾಸು ಪರದೆ ಆರಿಸಿ, ಎನ್‌ವಿಡಿಎ ಹಾಕಿ, ಮಕ್ಕಳು ತಾವೇ ಮಾಡಿದ ಫೈಲನ್ನು ಕೇಳಿಸಿಕೊಳ್ಳಲಿ. 31 ಸ್ಪೇಸ್ ಒಂದೊಂದಾಗಿ ಕೇಳಿಸಿಕೊಂಡವರು ಇನ್ನೊಮ್ಮೆ ಸ್ಪೇಸ್‌ಬಾರ್ ಹಿಡಿದು ತಳ್ಳಲಾರರು. ಆ ಕೈಪಿಡಿ ತಂದುಕೊಟ್ಟ ಹುಡುಗಿಗೆ ನನ್ನ ಹೆಡ್‌ಫೋನ್ ಕೊಟ್ಟು ಕೂರಿಸಿದ್ದೆ. ಐದನೇ ಬ್ಲ್ಯಾಂಕ್‌ಗೆ "ಸಾಕು ಅಕ್ಕಾ" ಅಂದಳು. ಮೊನ್ನೆ ಅವಳು ಕಳಿಸಿದ ಫೈಲಿನಲ್ಲಿ ಎಚ್ ಒತ್ತಿದೆ. ಹೆಡಿಂಗ್ ಬಂತು. ಮತ್ತೆ ಒತ್ತಿದೆ, ಇನ್ನೊಂದು ಬಂತು. ಕೆಲಸ ಇಲ್ಲದಿದ್ದರೂ ಸುಮ್ನೆ ಎರಡು ಸಲ ಮೇಲೆ ಕೆಳಗೆ ಓಡಾಡಿ ಬಂದೆ.

ಈ ಪತ್ರವನ್ನು ಯೂನಿಕೋಡ್‌ನಲ್ಲಿ ವರ್ಡ್ ಫೈಲಾಗಿಯೇ ಕಳಿಸುತ್ತಿದ್ದೇನೆ. ಮೇಲಿನ ಶೀರ್ಷಿಕೆ ಹೆಡಿಂಗ್ 1. ಉಳಿದದ್ದೆಲ್ಲ ನಾರ್ಮಲ್, ಖಾಲಿ ಪ್ಯಾರಾ ಒಂದೂ ಇಲ್ಲ. ನಿಮ್ಮ ಪುಟವಿನ್ಯಾಸದವರಿಗೆ ಸುಲಭ ಆಗುತ್ತದೆ. ಆ ಹಿರಿಯರಿಗೆ ನನ್ನ ನಮಸ್ಕಾರ ತಿಳಿಸಿ. ಅವರ ಪತ್ರದ ಮೂಲ ಫೈಲು ನಿಮ್ಮಲ್ಲಿದ್ದರೆ, ಅವರ ಒಪ್ಪಿಗೆ ಕೇಳಿ ನನಗೊಂದು ಪ್ರತಿ ಕಳಿಸಿ. ಬಲಗಡೆಯ ಮೂಲೆಗೆ ತಮ್ಮ ಹೆಸರು ತರಲು ಅವರು ಎಷ್ಟು ಸ್ಪೇಸ್ ಒತ್ತಿದ್ದಾರೆ ಎಂದು ಎಣಿಸಿ ಹೇಳುತ್ತೇನೆ.

ಇಂತಿ,
ನಿಮ್ಮ ಓದುಗರಲ್ಲೊಬ್ಬಳು